ಸಹಾಯ ಬೇಕು: ರೆಡ್ ಡಾಟ್ ಚುಕ್ಕಿ ಆರಿ ಹತ್ತಾಕತ್ತೈತಿ

ನಮಸ್ಕಾರ್ರಿ, ಧಾರವಾಡದಾಗಿರ್ತೀನಿ. ನನ್ನ 4.5 ಮಿ.ಮೀ. ಸಣ್ಣ ಏರ್ ಪಿಸ್ತೂಲಿನ ರೆಡ್ ಡಾಟ್ ಸೈಟ್ (ಗುರಿ ಹಿಡಿಯಾಕ ಗಾಜಿನ್ಯಾಗ ಕೆಂಪು ಚುಕ್ಕಿ ತೋರ್ಸೋ ಸಾಧನ) ಕಾಟ ಕೊಡಾಕತ್ತೈತಿ. 10 ಮೀಟರ್‌ಗೆ ಝೀರೋ ಮಾಡಿದ್ರ (ಚುಕ್ಕಿ ಇಟ್ಟಲ್ಲೇ ಪೆಲೆಟ್ ಬೀಳೋಹಂಗ ಹೊಂದಿಸಿದ್ರ), ಇಪ್ಪತ್ತು-ಮೂವತ್ತು ಪೆಲೆಟ್ ಹೊಡೆಯೋದ್ರಾಗ ಗುರಿ ಎಡಕ್ಕ ಸರೀತೈತಿ. ನಡುನಡುವ ಚುಕ್ಕಿ ಆರಿ ಹತ್ತತೈತಿ. ಸಿಆರ್2032 ಸೆಲ್ ಹೊಸಾದು ಹಾಕೀನಿ, ಸೆಲ್‌ಗೆ ತಾಗೋ ಒಳಗಿನ ಲೋಹದ ಪಟ್ಟಿನೂ ಒರೆಸೀನಿ.

ಚುಕ್ಕಿ ನಕ್ಷತ್ರದಂಗ ಚೆದುರಿ ಕಾಣತಿತ್ತು. ಮೊಬೈಲ್ ಕ್ಯಾಮೆರಾದಾಗ ನೋಡಿದ್ರ ದುಂಡಗೈತಿ! ಅಂದ್ರ ಅದು ನನ್ನ ಕಣ್ಣಿನ ಅಸ್ಟಿಗ್ಮಾಟಿಸಮ್ಮು (ಬೆಳಕು ಚೆದುರಿ ಕಾಣೋ ದೃಷ್ಟಿದೋಷ), ಬಿಡ್ರಿ.

ಸೈಟನ್ನ ಪಿಸ್ತೂಲಿಗೆ ಹಿಡಿಸೋ ಮೌಂಟ್ ಸ್ಕ್ರೂ ಸಡಿಲಾಗತಾವು ಅಂತ ನನ್ನ ಅನುಮಾನ. ಕೆಂಪು ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂಗ ಹಿಡಿಯೋ ಅಂಟು) ಹಾಕಿದ್ರ ಕಾಸಿ ತೆಗೀಬೇಕಾಗತೈತಿ, ಅದಕ್ಕ ನೀಲಿದೇ ಬೇಕು. ಆ ನೀಲಿ ಅಂಟು ಮತ್ತ ಸಣ್ಣ ಟಾರ್ಕ್ ಸ್ಕ್ರೂಡ್ರೈವರ್ (ಅಳತಿ ಇಟ್ಟು ಬಿಗಿ ಮಾಡೋದು) ಹುಬ್ಬಳ್ಳ್ಯಾಗ ಎಲ್ಲಿ ಸಿಗತಾವ್ರಿ? ಅಂಗಡಿಯಂವ ‘ಬೆಂಗಳೂರಿಗೆ ಕಳಸ್ರಿ’ ಅಂತಾನ. ಆರಿ ಹತ್ತೋದಕ್ಕೂ ಸಡಿಲ ಸ್ಕ್ರೂನ ಕಾರಣ ಇರಬಹುದಾ, ಇಲ್ಲಾ ಸೆಲ್ ಮುಚ್ಚಳದ್ದಾ? ಅನುಭವ ಇದ್ದವ್ರು ಹೇಳ್ರಿ.