ಮಚ್ಚು ಬಂದ್ರೆ ಓಕೆ, ಮುತ್ತು ಬಂದ್ರೆ ರಿಮೋಟಾ? ಓದುಗರ ಸ್ಪಂದನ

ಹೋದ ವಾರ ತುಮಕೂರಿನ ಓದುಗರೊಬ್ಬರು ಬರೆದಿದ್ದು:

ನನ್ ಮಗ ಎಂಟನೇ ಕ್ಲಾಸು, 13 ತುಂಬ್ತು. ನನ್ ಮೈದುನನಿಗೆ ಸಿನಿಮಾ ಹುಚ್ಚು, ಇವನನ್ನ ಸ್ವಂತ ಮಗನ ಥರ ನೋಡ್ಕೋತಾನೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಯಾವ ದೊಡ್ಡ ಪಿಚ್ಚರ್ ಬಂದ್ರೂ ಜೊತೇಲಿ ಕರ್ಕೊಂಡು ಹೋಗ್ಬಿಡ್ತಾನೆ. ಹೋದ್ಸಲ ಹೋಗಿದ್ದು ಎ ಸರ್ಟಿಫಿಕೇಟ್ ಸಿನಿಮಾ ಅಂತ ನಂಗೆ ಆಮೇಲೆ ಗೊತ್ತಾಯ್ತು, ಗೇಟಲ್ಲಿ ಯಾರೂ ಕೇಳ್ಲಿಲ್ವಂತೆ. ಮನೇಲೂ ಅಷ್ಟೇ, ರಾತ್ರಿ ಊಟಕ್ಕೆ ಕೂತಾಗ ಓಟಿಟೀಲಿ ಏನೋ ಓಡ್ತಿರುತ್ತೆ, ತಲೆ ಕಡಿಯೋದು, ಕಣ್ಣು ಕೀಳೋದು ಎಲ್ಲಾ ಆರಾಮಾಗಿ ನೋಡ್ತಾರೆ, ಹೀರೋ ಹೀರೋಯಿನ್ ಹತ್ರ ಬಂದ್ರು ಅಂದ್ರೆ ಸಾಕು ನಮ್ಮೆಜಮಾನ್ರು ರಿಮೋಟ್ ಹುಡುಕ್ತಾರೆ, ಅತ್ತೆ ಕೆಮ್ತಾರೆ. ನಾನು ಏನಾದ್ರೂ ಅಂದ್ರೆ "ಅದು ಫೈಟ್ ಕಣೇ, ಗಂಡ್ ಹುಡುಗ ನೋಡ್ಲಿ ಬಿಡು" ಅಂತಾರೆ. ದಸರಾ ರಜಕ್ಕೆ ಮತ್ತೊಂದು ಪಿಚ್ಚರ್ ಪ್ಲಾನ್ ಆಗಿದೆ. ನಾನೇ ಅತಿ ಮಾಡ್ತಿದೀನಾ? ಹೇಗೆ ತಡೀಲಿ?

ಹಾಸನದಿಂದ, ಥಿಯೇಟರ್ ಗೇಟಲ್ಲಿ ನಿಲ್ಲೋನು

ಅಕ್ಕ, ಗೇಟಲ್ಲಿ ಯಾರೂ ಕೇಳ್ಲಿಲ್ಲ ಅಂದ್ರಲ್ಲ, ಆ ಗೇಟಲ್ಲಿ ನಿಲ್ಲೋ ಕೆಲ್ಸಾನೇ ನಂದು, ಅದಕ್ಕೇ ಬರೀತಿದೀನಿ. ಎ ಅಂದ್ರೆ 18 ತುಂಬದೇ ಇರೋರನ್ನ ಒಳಗೆ ಬಿಡಂಗಿಲ್ಲ, ಅಪ್ಪ ಅಮ್ಮ ಚಿಕ್ಕಪ್ಪ ಯಾರು ಜೊತೆಗಿದ್ರೂ ಬಿಡಂಗಿಲ್ಲ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಸ್ಟಾರ್ ಸಿನಿಮಾ ಮೊದಲ ಶೋ ದಿನ ಬಂದು ನೋಡಿ, ಹೊರಗೆ ತಮಟೆ, ಹಾಲಿನ ಅಭಿಷೇಕ, ಹೆಗಲ ಮೇಲೆ ಮಗು ಕೂರಿಸ್ಕೊಂಡು ಬರ್ತಾರೆ, "ಎ ಪಿಚ್ಚರ್ ಸಾರ್, ಮಗು ಬಿಡಲ್ಲ" ಅಂದ್ರೆ "ನನ್ ಮಗ, ನನ್ ದುಡ್ಡು, ನಿಂದೇನಲೇ" ಅಂತ ಮೈ ಮೇಲೆ ಬೀಳ್ತಾರೆ. ಹಿಂದೆ ಲೈನು ತಳ್ತಾ ಇರುತ್ತೆ. ಓನರ್ ಬೇರೆ ಗಲಾಟೆ ಬೇಡ ಅಂತಾರೆ. ನಾನೊಬ್ಬ ಏನ್ ಮಾಡ್ಲಿ.

ಯುಎ, ಅಂದ್ರೆ ಅಪ್ಪ ಅಮ್ಮ ನೋಡಿ ಹೂಂ ಅಂದ್ರೆ ಮಕ್ಕಳೂ ನೋಡಬಹುದಾದ ಪಿಚ್ಚರ್, ಅದರ ಕಥೆ ಬೇರೆ. 2023ರಲ್ಲಿ ಸಿನಿಮಾ ಕಾನೂನಿಗೆ ತಿದ್ದುಪಡಿ ಆದ್ಮೇಲೆ ಯುಎ ಮೂರು ಥರ ಆಗಿದೆ: 7+, 13+, 16+. ಪೋಸ್ಟರಲ್ಲೇ ಬರುತ್ತೆ ನೋಡಿ. ಆದ್ರೆ ಅದು ನಿಮ್ಮಂಥ ತಂದೆ ತಾಯಿಗೆ ಕೊಟ್ಟಿರೋ ಸೂಚನೆ ಅಷ್ಟೇ, 16+ ಪಿಚ್ಚರ್‌ಗೆ 13ರ ಹುಡುಗ ದೊಡ್ಡೋರ ಜೊತೆ ಬಂದ್ರೆ ನಾನು ತಡಿಯೋಕೆ ಕಾನೂನಲ್ಲಿ ದಾರಿ ಇಲ್ಲ. ಅಂದ್ರೆ ಅಲ್ಲಿ ಗೇಟ್ ಕಾಯೋರು ನೀವೇ.

ಇನ್ನೊಂದು ಹೇಳ್ಲೇಬೇಕು, ದಿನಾ ನೋಡಿ ನೋಡಿ ನಗು ಬರುತ್ತೆ. ವಿಲನ್ ಒಂದ್ ಕೈಲಿ ಸಿಗರೇಟು ಇನ್ನೊಂದ್ ಕೈಲಿ ಲಾಂಗು, ಎದ್ರುಗಡೆ ಹತ್ತು ಜನ ಬಿದ್ದಿದ್ದಾರೆ, ಪರದೆ ಮೂಲೇಲಿ ಎಚ್ಚರಿಕೆ ಬರೋದು ಸಿಗರೇಟ್ ಬಗ್ಗೆ ಮಾತ್ರ! 2012ರಿಂದ ಹಿಂಗೇ.

ಹಾವೇರಿ ಕಡೆಯಿಂದ, ಹೈಸ್ಕೂಲ್ ಸೈನ್ಸ್ ಟೀಚರ್

ಅಕ್ಕಾರ, ನೀವು ಅತಿ ಮಾಡಾಕತ್ತಿಲ್ಲರಿ, ಚಿಂತಿ ಬಿಡ್ರಿ. ನಮ್ಮ ಸಾಲ್ಯಾಗ ದೊಡ್ಡ ಪಿಚ್ಚರ್ ಬಂದ ಮರು ಸೋಮವಾರ ಆಟದ ಬಯಲಿಗೆ ಹೋಗಿ ನಿಂತ್ರ ಸಾಕು, ಯಾವ ಸೀನ್ ಹೆಂಗಿತ್ತು ಅಂತ ನಮಗ ಟಿಕೆಟ್ ಇಲ್ದ ಗೊತ್ತಾಗ್ತೈತಿ. ಸ್ಕೇಲ್ ತಗೊಂಡು ಕುತ್ತಿಗಿ ಕೊಯ್ಯೋ ಹಂಗ ಮಾಡೋದು, ಡೈಲಾಗ್ ಹೊಡದು ಸಣ್ಣ ಹುಡುಗನ್ನ ಮಣಕಾಲೂರಿಸೋದು. ಇದನ್ನ ನೋಡಿ ಎಲ್ಲಾರೂ ರೌಡಿ ಆಗ್ತಾರ ಅಂತ ನಾ ಹೇಳಂಗಿಲ್ಲ, ಅರ್ಧಕ್ಕರ್ಧ ಆಟ ಅದು, ಮರದಿನ ಕ್ರಿಕೆಟ್. ನನ್ನ ತಲಿ ಕೆಡಿಸೋದು ಬ್ಯಾರೆ. ಕೆಳಗ ಬಿದ್ದವ ಅಳಾಕತ್ರ ಸುತ್ತ ನಿಂತವ್ರು ನಗ್ತಾರ, ಮ್ಯಾಲ ಮೊಬೈಲ್ ಸಿಕ್ರ ವಿಡಿಯೋನೂ ಮಾಡ್ತಾರ. ನೋವು ಅನ್ನೋದು ನೋಡಿ ಖುಷಿ ಪಡೋ ಐಟಂ ಆಗ್ಬಿಟ್ಟೈತಿ.

ಇನ್ನ ಮುತ್ತಿನ ಮಾತಿಗೆ ಬರ್ತೀನಿ. ಎಂಟನೇ ಕ್ಲಾಸಿಗೆ ಹದಿಹರೆಯದ ಪಾಠ ಸೈನ್ಸಿನಾಗ ಐತ್ರಿ, ದನಿ ಒಡೆಯೋದು, ಹಾರ್ಮೋನು, ಮುಟ್ಟು ಎಲ್ಲಾ. ಅದನ್ನ ತಗದ್ರ ಹುಡುಗ್ರು ಬೆಂಚಿನ ಕೆಳಗ ಮುಖ ಹಾಕಿ ಕಿಸಿಕಿಸಿ ನಗ್ತಾರ, ಹುಡುಗ್ಯಾರು ತಲಿ ಎತ್ತಂಗಿಲ್ಲ, ಕೆಲವು ಕಡೆ ಮಾಸ್ತರೇ "ಮನ್ಯಾಗ ಓದ್ಕೊಳ್ರಿ" ಅಂತ ಪುಟ ತಿರುವ್ತಾರ. ಮನ್ಯಾಗ ನಿಮ್ಮ ಯಜಮಾನ್ರು ರಿಮೋಟ್ ಒತ್ತೋದೂ ಈ ಪುಟ ತಿರುವೋದೂ ಒಂದ ಅಲ್ಲೇನ್ರಿ? ಹುಡುಗಗ ತಿಳಿಯೋದು ಇಷ್ಟ: ಹೊಡೆಯೋದು ಗಂಡಸ್ತನ, ಪ್ರೀತಿ ಮಾಡೋದು ಹೊಲಸು. ನಿಮ್ಮ ಮಗನ ಪುಸ್ತಕ ತಗದು ಆ ಪಾಠ ಎಲ್ಲಿಗೆ ಬಂದೈತಿ ಅಂತ ಸುಮ್ನ ಕೇಳ್ರಿ, ಮಾತು ಅಲ್ಲಿಂದ ತಾನ ಶುರು ಆಗ್ತೈತಿ.

ಮಂಡ್ಯದಿಂದ

ನಾವೆಲ್ಲಾ ಮಚ್ಚು ಲಾಂಗು ಪಿಚ್ಚರ್ ನೋಡ್ಕೊಂಡೇ ಬೆಳೆದಿದ್ದು, ಟೆಂಟಲ್ಲಿ ಮರಳ ಮೇಲೆ ಕೂತು ನೋಡಿದೀವಿ, ಯಾರೂ ಕೊಲೆ ಮಾಡೋಕೆ ಹೋಗ್ಲಿಲ್ಲ. ಮೈದುನ ಪ್ರೀತಿಯಿಂದ ಕರ್ಕೊಂಡು ಹೋಗ್ತಿದಾನೆ, ಅದನ್ನ ಜಗಳ ಮಾಡ್ಕೋಬೇಡಿ. ಇಷ್ಟೆಲ್ಲಾ ರೂಲ್ಸು ಹಾಕಿದ್ರೆ ಹುಡುಗ ಹೊಸ್ಲು ದಾಟೋಕೂ ಪರ್ಮಿಷನ್ ಕೇಳೋ ಥರ ಆಗ್ತಾನೆ.

ಬೆಂಗಳೂರು, ಜಯನಗರದಿಂದ

ಮಂಡ್ಯದ ಅಣ್ಣ, ಟೆಂಟಲ್ಲಿ ನೋಡಿದ್ದಕ್ಕೂ ಈಗಿನದಕ್ಕೂ ವ್ಯತ್ಯಾಸ ಇದೆ. ಅವಾಗ ಚಾಕು ಹಾಕ್ದಾಗ ಕ್ಯಾಮೆರಾ ಸೂರ್ಯಾಸ್ತಕ್ಕೋ ದೇವಸ್ಥಾನದ ಗಂಟೆಗೋ ತಿರುಗ್ತಿತ್ತು, ಈಗ ಸ್ಲೋ ಮೋಷನ್ನಲ್ಲಿ ಒಳಗಿಂದ ತೋರಿಸ್ತಾರೆ, ಅದೇ ತುಣುಕು ರೀಲ್ಸಲ್ಲಿ ಮ್ಯೂಸಿಕ್ ಹಾಕ್ಕೊಂಡು ಮೂವತ್ತು ಸಲ ಬರುತ್ತೆ.

ಮೇಡಂ, ನಾನು ಸಾಫ್ಟ್‌ವೇರಲ್ಲಿರೋದು, ಮನೇಲಿ ಎರಡು ಮಕ್ಕಳು, ಕೆಲಸಕ್ಕೆ ಬರೋದು ಹೇಳ್ತೀನಿ. ಸೆನ್ಸಾರ್ ಬೋರ್ಡು ಅಂತ ನಾವು ಕರೆಯೋದು ನೋಡೋದು ಥಿಯೇಟರಲ್ಲಿ, ಟಿವೀಲಿ ಬರೋ ಸಿನಿಮಾ ಮಾತ್ರ, ಓಟಿಟಿಗೆ ಅವರು ಕೈ ಹಾಕಲ್ಲ. 2021ರ ಐಟಿ ರೂಲ್ಸ್ ಪ್ರಕಾರ ಓಟಿಟಿ ಕಂಪನಿಗಳೇ ತಮ್ಮ ಸರಕಿಗೆ ಯು (ಎಲ್ಲರೂ ನೋಡಬಹುದು), 7+, 13+, 16+, ಎ ಅಂತ ಹಾಕ್ಕೋಬೇಕು, 13+ ಮತ್ತು ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡಲೇಬೇಕು. ಶುರುವಲ್ಲಿ ಪರದೆಯ ಮೂಲೇಲಿ ಸಣ್ಣಕ್ಕೆ ಬರುತ್ತಲ್ಲ, 16+, ಹಿಂಸೆ, ಬೈಗುಳ, ಅದೇ ಇದು, ಎರಡು ಸೆಕೆಂಡಲ್ಲಿ ಮಾಯ. ನಾವು ಆ ಹೊತ್ತಿಗೆ ಅನ್ನ ಬಡಿಸ್ತಾ ಇರ್ತೀವಿ.

ಅದಕ್ಕೇ ಮಗನಿಗೆ ಬೇರೆ ಪ್ರೊಫೈಲ್ ಮಾಡಿ, ವಯಸ್ಸಿನ ಮಿತಿ 13+ಗೆ ಇಡಿ, ದೊಡ್ಡೋರ ಪ್ರೊಫೈಲ್‌ಗೆ ಪಿನ್ ಹಾಕಿ. ಪಿನ್ ಮನೆಯವರ ಹುಟ್ಟಿದ ವರ್ಷ ಆಗಿರಬಾರದು, ನಮ್ಮನೇಲಿ ಅದು ಒಂದು ಸಂಜೆ ಬಾಳ್ಲಿಲ್ಲ. ಇನ್ನೊಂದು, "ಟಿವೀಲೇ ಹಾಕಿದಾರೆ, ಏನಾಗಲ್ಲ" ಅಂತ ಅದೇ ಪಿಚ್ಚರನ್ನ ಓಟಿಟೀಲಿ ಹಾಕ್ಬೇಡಿ. ಎ ಸಿನಿಮಾ ಟಿವೀಲಿ ಹಾಗೇ ಹಾಕಂಗಿಲ್ಲ, ಕಟ್ ಮಾಡಿ ಬೇರೆ ಸರ್ಟಿಫಿಕೇಟ್ ತಗೊಂಡೇ ಹಾಕ್ಬೇಕು, ಓಟಿಟೀಲಿ ಇರೋದು ಕಟ್ ಆಗದೇ ಇರೋದು ಆಗಿರಬಹುದು. ಹೆಸರು ಒಂದೇ, ಸರಕು ಬೇರೆ. ಹಾಂ, ರೀಲ್ಸ್‌ಗೆ ಮಾತ್ರ ನನ್ ಹತ್ರಾನೂ ಮದ್ದಿಲ್ಲ, ಫೋನ್ ಹಾಲಲ್ಲೇ ಚಾರ್ಜ್‌ಗೆ ಇಡೋ ಪದ್ಧತಿ ಬಿಟ್ರೆ.

ಜರ್ಮನಿಯಿಂದ, ಮೂಲ ಮೈಸೂರು

ನಿಮ್ಮ ರಿಮೋಟ್ ಕಥೆ ಓದಿ ನಮ್ಮಪ್ಪ ನೆನಪಾದ್ರು. ಇಲ್ಲಿ ಲೆಕ್ಕಾಚಾರ ಉಲ್ಟಾ. ಎಫ್ಎಸ್‌ಕೆ ಅಂತ ಸಿನಿಮಾಗೆ ವಯಸ್ಸಿನ ಮಿತಿ ಹಾಕೋ ಒಂದು ಸಂಸ್ಥೆ ಇದೆ, 1949ರಿಂದ ಇರೋದು, 0, 6, 12, 16, 18 ಅಂತ ಬಣ್ಣದ ಚೌಕ ಹಾಕ್ತಾರೆ, 12 ಹಸಿರು, 16 ನೀಲಿ, 18 ಕೆಂಪು. 12ರ ಪಿಚ್ಚರ್‌ಗೆ ಆರು ವರ್ಷದ ಮಗೂನ ಅಪ್ಪ ಅಮ್ಮ ಜೊತೆ ಕರ್ಕೊಂಡು ಹೋಗಬಹುದು, ಅಷ್ಟು ಸಡಿಲ. ಆದ್ರೆ 16 ಅಂದ್ರೆ 16, ನಾನು ಪಕ್ಕದಲ್ಲಿ ನಿಂತು "ನನ್ ಮಗನೇ" ಅಂದ್ರೂ ಬಿಡಲ್ಲ. ಮತ್ತೆ ಮೈ ಕಾಣಿಸ್ತು, ಮುತ್ತು ಕೊಟ್ರು ಅಂತ ಸೀದಾ 18 ಹಾಕಲ್ಲ ಇವ್ರು, ಹೊಡೆತ ಎಷ್ಟು ಕ್ರೂರವಾಗಿದೆ, ಹೊಡೆಯೋನನ್ನ ಸಿನಿಮಾ ಮೆರೆಸ್ತಾ ಇದೆಯಾ ಅನ್ನೋದನ್ನ ಜಾಸ್ತಿ ನೋಡ್ತಾರೆ. ಅಮೆರಿಕದಲ್ಲಿರೋ ನಮ್ಮಕ್ಕ ಹೇಳೋ ಪ್ರಕಾರ ಅಲ್ಲಿ ನಮ್ಮೂರಿನ ಹಾಗೇ, ಗುಂಡು ಹಾರ್ಸಿದ್ರೆ ಪಿಜಿ-13, ಅಂದ್ರೆ ಮಕ್ಕಳನ್ನೂ ಬಿಡ್ತಾರೆ, ಬಟ್ಟೆ ಬಿಚ್ಚಿದ್ರೆ ಆರ್, ಅಂದ್ರೆ ದೊಡ್ಡೋರು ಜೊತೆಗಿಲ್ದೆ ಮಕ್ಕಳನ್ನ ಬಿಡಲ್ಲ!

ಕನ್ನಡ ಸಿನಿಮಾ ಇಲ್ಲಿಗೆ ಬರೋದು ವೀಕೆಂಡಿಗೆ ಒಂದೋ ಎರಡೋ ಶೋ. ಎಫ್ಎಸ್‌ಕೆ ರೇಟಿಂಗ್ ಮಾಡ್ಸದೇ ತಂದಿದ್ರೆ ಕಾನೂನಿನ ಪ್ರಕಾರ ಅದು 18 ಅಂತಾನೇ ಲೆಕ್ಕ. ಹಂಗಾಗಿ ಊರಲ್ಲಿ ಅಜ್ಜಿ ಮೊಮ್ಮಗ ಎಲ್ಲಾ ಸೇರಿ ನೋಡಿದ ಪಿಚ್ಚರ್‌ಗೆ ಇಲ್ಲಿ ಮಕ್ಕಳನ್ನ ಬಿಟ್ಟು ಹೋಗ್ಬೇಕು, ನಮ್ ಕನ್ನಡ ಬಳಗದ ವಾಟ್ಸಾಪ್ ಗ್ರೂಪಲ್ಲಿ ಪ್ರತಿ ಸಲ ಇದೇ ಗೋಳು, ಯಾರ ಮನೇಲಿ ಮಕ್ಕಳನ್ನ ಬಿಡೋದು ಅಂತ. ಜರ್ಮನ್ನರದ್ದೇ ಸರಿ ಅಂತಲ್ಲ ನಾನು ಹೇಳ್ತಿರೋದು. ಆದ್ರೆ ಯಾವುದನ್ನ ನೋಡಿ ನಾವು ನಾಚ್ಕೋತೀವಿ ಅನ್ನೋದು ಊರಿಂದ ಊರಿಗೆ ಬೇರೆ, ನಿಮ್ಮೆಜಮಾನ್ರಿಗೆ ಇದನ್ನ ಒಂದ್ಸಲ ಹೇಳಿ ನೋಡಿ.

ಮೈಸೂರಿನಿಂದ, ನಿವೃತ್ತ

ಅಮ್ಮಾ, ನಾನು ಫಿಲಂ ಸೊಸೈಟಿ ಕಾಲದವನು, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರ್ಲಿ. ಮೇಲೆ ಬರೆದವರೆಲ್ಲ ಸರಿಯಾಗೇ ಹೇಳಿದ್ದಾರೆ, ಆದ್ರೆ ಇಂಥ ಚರ್ಚೆ ಕೊನೆಗೆ ಬಂದು ನಿಲ್ಲೋದು "ಇಂಥ ಸಿನಿಮಾಗಳನ್ನ ಬ್ಯಾನ್ ಮಾಡ್ಬೇಕು" ಅನ್ನೋದಕ್ಕೆ, ಅಲ್ಲಿಗೆ ಹೋಗ್ಬೇಡಿ ಅಂತ ನನ್ನ ಮನವಿ. 1970ರಲ್ಲಿ "ಸಂಸ್ಕಾರ" ಸಿನಿಮಾಗೆ ಮದ್ರಾಸಿನ ಸೆನ್ಸಾರ್‌ನವರು ಸರ್ಟಿಫಿಕೇಟೇ ಕೊಡ್ಲಿಲ್ಲ. ಜಾತಿ ವಿಚಾರ, ಗಲಾಟೆ ಆಗುತ್ತೆ ಅಂತ. ಕೇಂದ್ರದ ತನಕ ಹೋಗಿ ಬಿಡುಗಡೆ ಆಯ್ತು, ಆಮೇಲೆ ಅದಕ್ಕೇ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ! ಕತ್ತರಿ ಕೈಗೆ ಸಿಕ್ಕವರು ಮೊದಲು ಕತ್ತರಿಸೋದು ಮಕ್ಕಳಿಗೆ ಕೆಟ್ಟದ್ದನ್ನಲ್ಲ, ತಮಗೆ ಇರುಸುಮುರುಸು ಆಗೋದನ್ನ. ಅದೇ ವರ್ಷ ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಕೇಸಲ್ಲಿ ಸುಪ್ರೀಂ ಕೋರ್ಟು ಸಿನಿಮಾಗೆ ಮುಂಚೆಯೇ ಸೆನ್ಸಾರ್ ಮಾಡೋದು ಸಂವಿಧಾನಬದ್ಧ ಅಂದಿದ್ದೂ ನೆನಪಿದೆ, ಅದೂ ನಿಜ, ಆದ್ರೆ ಇದ್ದಿದ್ದು ಆಗ ಯು ಮತ್ತು ಎ ಎರಡೇ. ಯುಎ ಬಂದಿದ್ದು 1983ರಲ್ಲಿ. ಬೋರ್ಡಿನ ಹೆಸರಿಂದ ಸೆನ್ಸಾರ್ ಹೋಗಿ ಸರ್ಟಿಫಿಕೇಷನ್ ಆಗಿದ್ದೂ ಆ ವರ್ಷವೇ.

ಸಿನಿಮಾ ಶುರುವಾಗೋ ಮುಂಚೆ ತೋರಿಸೋ ಸರ್ಟಿಫಿಕೇಟನ್ನ ಯಾರೂ ಓದಲ್ಲ, ಶಿಳ್ಳೆ ಹೊಡೀತಿರ್ತಾರೆ. ಒಂದ್ಸಲ ಓದಿ. ಹಿಂದೀಲಿ "ಅ" ಇದ್ರೆ ಯು, "ಅವ" ಇದ್ರೆ ಯುಎ, "ವ" ಇದ್ರೆ ಎ. ಎಡಗಡೆ ಕೆಳಗೆ ಮೂಲೇಲಿ ತ್ರಿಕೋನ ಕಂಡ್ರೆ ಆ ಚಿತ್ರಕ್ಕೆ ಕತ್ತರಿ ಬಿದ್ದಿದೆ ಅಂತ ಅರ್ಥ. ಮೊಮ್ಮಗನಿಗೆ ನಾನು ಇದನ್ನ ಹೇಳ್ಕೊಟ್ಟಿದೀನಿ, ಈಗ ಅವನಿಗೆ ತ್ರಿಕೋನ ಹುಡುಕೋದೇ ಒಂದು ಆಟ, ಸಿಕ್ಕಿದ್ರೆ ಏನು ಕಟ್ ಮಾಡಿರಬಹುದು ಅಂತ ಪಿಚ್ಚರ್ ಪೂರ್ತಿ ತಲೆ ಕೆಡಿಸ್ಕೋತಾನೆ. ಕೆಲವು ಸಲ ನನಗಿಂತ ಚೆನ್ನಾಗಿ ಊಹೆ ಮಾಡ್ತಾನೆ.

ನಿಮಗೆ ಬೇಕಾಗಿರೋದು ಲೇಬಲ್ಲು, ಕತ್ತರಿ ಅಲ್ಲ. ದೊಡ್ಡೋರು ಏನು ಬೇಕಾದ್ರೂ ನೋಡ್ಲಿ, ನಿಮ್ಮ ಮೈದುನನೂ ನೋಡ್ಲಿ, ಹುಡುಗನನ್ನ ಬಿಟ್ಟು.

ಶಿವಮೊಗ್ಗದಿಂದ, ಡಿಗ್ರಿ ಓದ್ತಿರೋಳು

ಆಂಟಿ, ಎಲ್ಲರೂ ನಿಮಗೆ ಹೇಳ್ತಿದಾರೆ, ಹುಡುಗನ ಕಡೆಯಿಂದ ಯಾರೂ ಮಾತಾಡಿಲ್ಲ, ನಾನು ಈಗಷ್ಟೇ ಆ ವಯಸ್ಸು ದಾಟಿ ಬಂದಿರೋದು ಅದಕ್ಕೆ ಬರೀತಿದೀನಿ. ನಮ್ಮನೇಲೂ ಇದೇ ರಿಮೋಟು, ಇದೇ ಕೆಮ್ಮು. ಅಮ್ಮ ಚಾನೆಲ್ ಬದಲಾಯಿಸಿದ ತಕ್ಷಣ ನಾವು ಪಿಚ್ಚರ್ ಹೆಸರು ನೆನಪಿಟ್ಕೋತಿದ್ವಿ, ಅಷ್ಟೇ ಕಥೆ, ಆಮೇಲೆ ಫ್ರೆಂಡ್ ಫೋನಲ್ಲಿ ಆ ಸೀನ್ ಮಾತ್ರ. ಹಿಂದೂ ಇಲ್ಲ ಮುಂದೂ ಇಲ್ಲ. ಇಬ್ಬರು ಯಾಕೆ ಹತ್ರ ಬಂದ್ರು, ಅವಳಿಗೆ ಇಷ್ಟ ಇತ್ತಾ ಇಲ್ವಾ, ಅದೆಲ್ಲಾ ಕಟ್ ಆಗಿ ಬರೀ ಸೀನ್. ಕ್ಲಾಸಲ್ಲಿ ಹುಡುಗ್ರು ನಮ್ಮ ಹತ್ರ ಹೆಂಗೆ ಮಾತಾಡ್ತಿದ್ರು ಅಂದ್ರೆ ಹಿಂದೆ ಬಿದ್ದು ಸತಾಯಿಸಿದ್ರೆ ಕೊನೆಗೆ ಒಪ್ಕೋತಾಳೆ ಅನ್ನೋದು ರೂಲು ಅನ್ನೋ ಥರ. ಅದು ಯಾವ ಎ ಸಿನಿಮಾದಿಂದಾನೂ ಕಲ್ತಿದ್ದಲ್ಲ ಆಂಟಿ, ಯು ಸರ್ಟಿಫಿಕೇಟ್ ಹಾಡುಗಳಿಂದಾನೇ ಕಲ್ತಿದ್ದು. ಅದಕ್ಕೆ ಯಾವ ಬೋರ್ಡೂ ಏನೂ ನಂಬರ್ ಹಾಕಲ್ಲ.

ಅವನು ಆ ಎ ಪಿಚ್ಚರ್ ನೋಡ್ಕೊಂಡು ಬಂದ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ನಾ ಅಂತ ಕೇಳಿದೀರಾ? ನನ್ ತಮ್ಮ ಚಿಕ್ಕಪ್ಪನ ಮುಂದೆ "ಸೂಪರ್" ಅಂತಿದ್ದ, ರಾತ್ರಿ ಬಾತ್‌ರೂಮ್ ಲೈಟ್ ಆನ್ ಇಟ್ಕೊಂಡು ಮಲಗ್ತಿದ್ದ. ಗಂಡ್ ಹುಡುಗ ಅಲ್ವಾ, ಹೆದರಿಕೆ ಆಯ್ತು ಅಂತ ಹೇಳೋ ಹಂಗಿಲ್ಲ. ಯಜಮಾನ್ರು ಪಕ್ಕದಲ್ಲಿ ಇಲ್ದಾಗ ಕೇಳಿ, ಅವಾಗ ಹೇಳ್ತಾನೆ.

ಮತ್ತೆ ದಸರಾ ಪ್ಲಾನ್ ಕ್ಯಾನ್ಸಲ್ ಮಾಡ್ಬೇಡಿ, ಮಗನ ಮುಂದೆ ನೀವು ವಿಲನ್ ಆಗ್ತೀರಾ. ಟಿಕೆಟ್ ಬುಕ್ ಮಾಡೋ ಆ್ಯಪಲ್ಲಿ ಸಿನಿಮಾ ಹೆಸರಿನ ಕೆಳಗೇ ಸರ್ಟಿಫಿಕೇಟ್ ಬರೆದಿರುತ್ತೆ. ಮೈದುನನಿಗೆ ಇವತ್ತೇ ಫೋನ್ ಹಾಕಿ, ಎ ಆದ್ರೆ ಬೇರೆ ಪಿಚ್ಚರ್ ಹುಡುಕು ಅನ್ನಿ, 16+ ಆದ್ರೆ ನಂಗೂ ಒಂದು ಟಿಕೆಟ್ ಸೇರಿಸು ಅನ್ನಿ. ಅತ್ತಿಗೆ ಪಕ್ಕದ ಸೀಟಲ್ಲಿ ಕೂರ್ತಾರೆ ಅಂತ ಗೊತ್ತಾದ್ರೆ ಅವರೇ ಯು ಸಿನಿಮಾ ಹುಡುಕ್ತಾರೆ ನೋಡಿ. ಪಾಪ್‌ಕಾರ್ನ್ ಮಾತ್ರ ಅವರ ದುಡ್ಡಲ್ಲೇ.