ಬಯಲಾಟ ಎಡಿಟಿಂಗ್: ಟ್ರ್ಯಾಕ್ ಲಾಕ್ ಮಾಡಿದರೂ ಸೌಂಡ್ ತಪ್ಪುತ್ತಿದೆ, ಯಾಕೆ?

ಸಿರುಗುಪ್ಪ_ಕಟ್:
ನಮ್ಮ ಕಡೆ ರಾತ್ರಿಯಿಡೀ ನಡೆದ ಬಯಲಾಟ ಶೂಟ್ ಮಾಡಿದ್ದೇವೆ. ಎರಡು ಕ್ಯಾಮೆರಾ, ಒಂದು ಮೊಬೈಲ್, ಮಿಕ್ಸರ್‌ನಿಂದ ತಗೊಂಡ ಸೌಂಡ್ ಬೇರೆ. ಪ್ರೀಮಿಯರ್ ಪ್ರೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಿಕ್ಸರ್ ಸೌಂಡನ್ನು ಎ1ರಲ್ಲಿ (ಮೊದಲ ಆಡಿಯೋ ಟ್ರ್ಯಾಕ್) ಇಟ್ಟು, ಕೈತಪ್ಪಿ ಸರಿಯಬಾರದು ಅಂತ ಬೀಗ ಹಾಕಿದ್ದೇನೆ. ಆಮೇಲೆ ವೇಷ ಬದಲಾಯಿಸುವಾಗ ರಂಗ ಖಾಲಿ ಇರುತ್ತಲ್ಲ, ಆ ಜಾಗ ರಿಪಲ್ ಡಿಲೀಟ್ (ತುಂಡು ತೆಗೆದು, ಮುಂದಿನದನ್ನು ಎಡಕ್ಕೆ ಎಳೆದು ಜಾಗ ಮುಚ್ಚೋದು) ಮಾಡುತ್ತಾ ಹೋದೆ. ಈಗ ಭೀಮನ ಬಾಯಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ. ಲಾಕ್ ಇದ್ದೂ ಹೀಗ್ಯಾಕೆ?

ರಾಯಚೂರು_ಟೈಮ್‌ಲೈನ್:
ತಮ್ಮ, ಲಾಕ್ ಇರೋದಕ್ಕೇ ಹೀಗಾಗಿದೆ. ಬೀಗ ಹಾಕಿದ ಟ್ರ್ಯಾಕ್ ಯಾವುದಕ್ಕೂ ಅಲುಗಾಡಲ್ಲ, ರಿಪಲ್‌ಗೂ ಅಷ್ಟೇ. ಖಾಲಿ ಜಾಗ ಹೋಯ್ತು, ವಿಡಿಯೋ ಎಡಕ್ಕೆ ಸರಿಯಿತು, ಸೌಂಡ್ ಮಾತ್ರ ಇದ್ದಲ್ಲೇ ನಿಂತಿತು. ಬೀಗದ ಹತ್ತಿರದಲ್ಲೇ ಸಿಂಕ್ ಲಾಕ್ ಅಂತ ಇನ್ನೊಂದು ಗುರುತಿದೆ, ಅದರ ಕೆಲಸವೇ ಬೇರೆ. ಅದು ಆನ್ ಇದ್ದರೆ ಒಂದು ಟ್ರ್ಯಾಕ್‌ನಲ್ಲಿ ಇನ್ಸರ್ಟ್ (ನಡುವೆ ಕ್ಲಿಪ್ ಸೇರಿಸಿ ಮುಂದಿನದನ್ನು ಬಲಕ್ಕೆ ತಳ್ಳೋದು) ಅಥವಾ ರಿಪಲ್ ಮಾಡಿದಾಗ ಈ ಟ್ರ್ಯಾಕೂ ಜೊತೆಗೇ ಸರಿಯುತ್ತೆ. ಹೆಸರು ಒಂದೇ ತರ ಇಟ್ಟು ಎಲ್ಲರ ತಲೆ ಕೆಡಿಸಿದ್ದಾರೆ.

ನಾನಾದರೆ ಕೆಲಸವನ್ನು ಎರಡು ಭಾಗ ಮಾಡ್ತೀನಿ. ಮೊದಲು ಕ್ಯಾಮೆರಾ ಬದಲಾಯಿಸೋದು: ಆಗ ಎ1ಗೆ ಬೀಗ ಇರಲಿ, ಆದರೆ ರಿಪಲ್ ಮುಟ್ಟಲೇಬೇಡ. ಬರೀ ಡಿಲೀಟ್ ಒತ್ತು, ಜಾಗ ಖಾಲಿ ಉಳಿದರೂ ಪರವಾಗಿಲ್ಲ. ಕ್ಲಿಪ್ ಹಾಕುವಾಗ ಓವರ್‌ರೈಟ್ (ಇದ್ದದ್ದರ ಮೇಲೇ ಹಾಕೋದು, ಮುಂದಿನದು ಸರಿಯಲ್ಲ) ಬಳಸು, ಇನ್ಸರ್ಟ್ ಬೇಡ. ಅದು ಮುಗಿದ ಮೇಲೆ ಖಾಲಿ ರಂಗ ತೆಗೆಯೋದು: ಎಲ್ಲ ಬೀಗ ತೆಗೆದು, ಎಲ್ಲ ಟ್ರ್ಯಾಕ್ ಟಾರ್ಗೆಟ್ ಮಾಡಿ (ಆರಿಸಿಕೊಂಡು), ತೆಗೆಯೋ ಭಾಗದ ಶುರು ಮತ್ತು ಕೊನೆಗೆ ಇನ್ ಔಟ್ ಗುರುತು ಹಾಕಿ, ಆ ಭಾಗ ತೆಗೆದು ಜಾಗ ಮುಚ್ಚೋ ಎಕ್ಸ್‌ಟ್ರಾಕ್ಟ್ ಒತ್ತು. ವಿಡಿಯೋ, ಸೌಂಡ್, ಟೈಟಲ್ ಎಲ್ಲದರಲ್ಲೂ ಅಷ್ಟೇ ಉದ್ದ ಹೋಗುತ್ತೆ. ಕೈ ಹಾಕೋ ಮೊದಲು ಸೀಕ್ವೆನ್ಸ್‌ನ (ಟೈಮ್‌ಲೈನ್‌ನಲ್ಲಿ ಜೋಡಿಸಿದ ಇಡೀ ಎಡಿಟ್) ಡುಪ್ಲಿಕೇಟ್ ಒಂದು ಮಾಡಿಟ್ಟುಕೋ.

ಕೊಪ್ಪಳ_ಕ್ಯಾಮ್:
ಅಣ್ಣ ಹೇಳಿದ್ದು ಸರಿ. ಆದರೆ ಮೊಬೈಲ್ ಇದೆ ಅಂದ್ರಲ್ಲ, ಅದನ್ನೂ ನೋಡಿ. ಕಟ್ ಮಾಡಿದ ಜಾಗದಿಂದ ಒಮ್ಮೆಲೇ ತಪ್ಪಿದರೆ ಅದು ರಿಪಲ್ ಕೆಲಸ. ಕಟ್ ಇಲ್ಲದ ಕಡೆಯೂ ಮೊದಲು ಸರಿಯಿದ್ದು ಹೋಗ್ತಾ ಹೋಗ್ತಾ ತಪ್ಪಿದರೆ ಯಾವ ಲಾಕೂ ಅದನ್ನು ತಡೆಯಲ್ಲ. ಮೊಬೈಲ್ ಸಾಮಾನ್ಯವಾಗಿ ಒಂದೇ ಫ್ರೇಮ್ ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ರೆಕಾರ್ಡ್ ಮಾಡಲ್ಲ, ಏರುಪೇರು ಆಗ್ತಿರುತ್ತೆ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಕನ್ವರ್ಟರ್‌ನಲ್ಲಿ ಕಾನ್‌ಸ್ಟಂಟ್ (ಬದಲಾಗದ) ಫ್ರೇಮ್ ರೇಟ್‌ಗೆ ಬದಲಾಯಿಸಿಕೊಂಡು ಆಮೇಲೆ ಟೈಮ್‌ಲೈನ್‌ಗೆ ತನ್ನಿ. ಕ್ಯಾಮೆರಾ ಮತ್ತು ಮಿಕ್ಸರ್ ರೆಕಾರ್ಡರ್ ಗಡಿಯಾರ ಕೂಡ ಒಂದೇ ವೇಗದಲ್ಲಿ ಓಡಲ್ಲ. ತಾಸುಗಟ್ಟಲೆ ಆಟ ಅಂದ್ರೆ ಅಲ್ಲಲ್ಲಿ ಕತ್ತರಿಸಿ, ತಾಳದ ಪೆಟ್ಟು ನೋಡಿ ಮತ್ತೆ ಕೂಡಿಸಬೇಕಾಗುತ್ತೆ. ವೇವ್‌ಫಾರ್ಮ್‌ನಲ್ಲಿ (ಸೌಂಡಿನ ಏರಿಳಿತದ ಗೆರೆ) ಆ ಪೆಟ್ಟು ಚೂಪಾಗಿ ಎದ್ದು ಕಾಣುತ್ತೆ, ಮಾತು ನೋಡಿ ಹುಡುಕೋದಕ್ಕಿಂತ ಸಲೀಸು.

ಸಿರುಗುಪ್ಪ_ಕಟ್:
ಎರಡೂ ಇದೆ ಅನ್ಸುತ್ತೆ! ಕ್ಯಾಮೆರಾಗಳು ಕಟ್ ಆದ ಕಡೆ ಮಾತ್ರ ತಪ್ಪಿವೆ, ಮೊಬೈಲ್ ಮಾತ್ರ ನಿಧಾನಕ್ಕೆ ಜಾರ್ತಿದೆ. ಹಳೆ ಸೀಕ್ವೆನ್ಸ್ ಆಟೋ ಸೇವ್‌ನಲ್ಲಿ ಸಿಕ್ಕಿತು. ಇನ್ನೊಂದು ಪ್ರಶ್ನೆ, ಬೀಗ ಹಾಕಿದ ಟ್ರ್ಯಾಕ್ ಎಕ್ಸ್‌ಪೋರ್ಟ್‌ನಲ್ಲಿ ಬರುತ್ತಾ?

ರಾಯಚೂರು_ಟೈಮ್‌ಲೈನ್:
ಬರುತ್ತೆ. ವಿಡಿಯೋಗೆ ಕಣ್ಣಿನ ಗುರುತು ಆಫ್ ಮಾಡಿದ್ದರೆ, ಆಡಿಯೋಗೆ ಮ್ಯೂಟ್ ಒತ್ತಿದ್ದರೆ ಮಾತ್ರ ಬರಲ್ಲ. ಆ ಡುಪ್ಲಿಕೇಟ್ ಇವತ್ತೇ ಮಾಡು ಮಾರಾಯ, ಆಟೋ ಸೇವ್ ನಂಬಿ ಕೂರಬೇಡ.