ಪದಚರ್ಚೆ: ‘ಹೀನಾಯ ಸೋಲು’ ಅಂದರೆ ಎಂಥ ಸೋಲು?

ಎಲ್ಲರಿಗೂ ಕುಮಟಾದಿಂದ ನಮಸ್ಕಾರ.

‘ಹೀನಾಯ’ ಪದವನ್ನು ನಿಮ್ಮ ಕಡೆ ಹೇಗೆ ಬಳಸುತ್ತೀರಿ? ಕೇಳುವುದಕ್ಕೆ ಕಾರಣ ಇದೆ.

ಮೊನ್ನೆ ನಮ್ಮೂರ ಗದ್ದೆಬಯಲಲ್ಲಿ ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾವಳಿ ಇತ್ತು. ಫೈನಲ್‌ನಲ್ಲಿ ನಮ್ಮ ಕೇರಿ ಹುಡುಗರಿಗೆ ಕೊನೆಯ ಬಾಲಿಗೆ ಮೂರು ರನ್ ಬೇಕಿತ್ತು. ಅಕ್ಕನ ಮಗ ಬರಿಗಾಲಲ್ಲೇ ಎರಡನೇ ರನ್ನಿಗೆ ಓಡಿದ, ಕ್ರೀಸಿನ ಹತ್ತಿರ ಮುಗ್ಗರಿಸಿ ಬಿದ್ದ, ಮೊಣಕಾಲು ತರಚಿ ಗೆರೆ ಎಳೆದ ಸುಣ್ಣವೆಲ್ಲ ಗಾಯಕ್ಕೆ ಮೆತ್ತಿಕೊಂಡಿತ್ತು. ರನೌಟ್. ಒಂದೇ ರನ್ನಿನಿಂದ ಸೋತರು.

ಮರುದಿನ ಪೇಪರಿನಲ್ಲಿ ‘ಹೀನಾಯ ಸೋಲು’ ಎಂದು ಹೆಡ್ಡಿಂಗ್! ಬರೆದವರು ಮೈದಾನಕ್ಕೆ ಬಂದಿರಲಿಲ್ಲ, ವಾಟ್ಸಾಪಿಗೆ ಹೋದ ಸ್ಕೋರ್‌ಶೀಟಿನ ಫೋಟೊ ನೋಡಿ ಬರೆದದ್ದು. ಒಂದು ರನ್ನಿನ ಸೋಲು ಅಂತ ಅದೇ ವರದಿಯ ಒಳಗೇ ಇದೆ.

ಆಯಿ ಕನ್ನಡಕ ಹಾಕಿಕೊಂಡು ಓದಿದವಳು ಕೇಳಿದ್ದು ಹೀಗೆ: ‘ಹುಡುಗ್ರನ್ನ ಯಾರು ಹೀನಾಯ ಮಾಡಿದ್ರೋ ತಮಾ?’

ಅವಳ ಮಾತಿನಲ್ಲಿ ಹೀನಾಯ ಅನ್ನುವುದು ಒಬ್ಬರು ಇನ್ನೊಬ್ಬರಿಗೆ ಮಾಡುವಂಥದ್ದು. ಪಂಕ್ತಿಯಲ್ಲಿ ಕೂತವರನ್ನು ಎಬ್ಬಿಸಿ ಕಳಿಸಿದರೆ, ಬಡವ ಅಂತ ನಾಲ್ಕು ಜನರ ಎದುರು ಮಾತಾಡಿದರೆ ಅದು ಹೀನಾಯ. ‘ಹೀನ’ದ ಕುಟುಂಬದ ಪದ, ಕೀಳಾಗಿ ಕಾಣುವುದು ಅಂತಲೇ ಅರ್ಥ. ಅದಕ್ಕೂ ರನ್ನಿನ ಲೆಕ್ಕಕ್ಕೂ ಸಂಬಂಧ ಇಲ್ಲ ಅಲ್ವಾ?

ದೊಡ್ಡ ಸೋಲಿಗೆ ಹೇಳಬಹುದಲ್ಲ ಅನ್ನಬಹುದು. 2020ರ ಡಿಸೆಂಬರ್ 19ರಂದು ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾ ಎದುರು ಭಾರತ 36 ರನ್ನಿಗೆ ಮುಗಿಯಿತು, ಟೆಸ್ಟ್‌ನಲ್ಲಿ ನಮ್ಮ ಅತಿ ಕಡಿಮೆ ಮೊತ್ತ. ನಮ್ಮ ಮಯಂಕ್ ಅಗರ್ವಾಲ್ ಹೊಡೆದ 9 ರನ್ನೇ ಜಾಸ್ತಿ. ಆದರೆ ಅವತ್ತು ಅವರ ಬೌಲರ್ ಹೇಜಲ್‌ವುಡ್ 8 ರನ್ ಕೊಟ್ಟು 5 ವಿಕೆಟ್ ತೆಗೆದಿದ್ದರು, ಕಮಿನ್ಸ್ 4. ‘ಹೀನಾಯ’ ಅಂದ ತಕ್ಷಣ ಆ ಬೌಲಿಂಗೇ ಕಾಣದ ಹಾಗೆ ಆಗುತ್ತದೆ. ಸೋತವರದ್ದೇ ಏನೋ ಕೆಟ್ಟ ಕೆಲಸ ಅನ್ನುವಂತೆ ಕೇಳುತ್ತದೆ. ನನಗೆ ಬೇಜಾರು ಇದಕ್ಕೇ. ಹೇಗೆ ಸೋತರು ಅಂತ ನೋಡಿ ಬರೆಯಬೇಕಾದ ಕಡೆ ಈ ಒಂದು ಪದ ಇಟ್ಟುಬಿಟ್ಟರೆ ಕೆಲಸ ಮುಗಿಯಿತು. ಸರಿಯಾಗಿ ಒಂದು ತಿಂಗಳಿಗೆ, 2021ರ ಜನವರಿ 19ಕ್ಕೆ, ರಹಾನೆ ನಾಯಕರಾಗಿ ನಮ್ಮವರು ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ 328 ರನ್ ಬೆನ್ನಟ್ಟಿ ಗೆದ್ದು ಅದೇ ಸರಣಿಯನ್ನು 2-1 ಮಾಡಿಕೊಂಡರಲ್ಲ, ಅವರನ್ನು ಯಾರು ಕೀಳು ಮಾಡಿದ್ದರು?

ಈಗ ನನ್ನ ಪ್ರಶ್ನೆ. ‘ಹೀನಾಯ ಮಾಡು’ ಅನ್ನುವ ಬಳಕೆ ಶಿರಸಿ, ಕಾರವಾರದ ಕಡೆ, ಘಟ್ಟದ ಮೇಲಿನ ಬೇರೆ ಊರುಗಳಲ್ಲಿ ಈಗಲೂ ಇದೆಯಾ? ಸೋಲಿಗೆ ವಿಶೇಷಣವಾಗಿ ಇದನ್ನು ಬಳಸಿದ ಹಳೆಯ ಬರಹ ಯಾರಾದರೂ ನೋಡಿದ್ದೀರಾ? ಅಂತರ ದೊಡ್ಡದಿದ್ದರೆ ನಾನು ಸುಮ್ನೆ ‘ಭಾರೀ ಸೋಲು’ ಅನ್ನುತ್ತೇನೆ, ‘ಸೋತು ಸುಣ್ಣವಾದರು’ ಅಂದರೂ ಅದರಲ್ಲಿ ಬೆವರು ಇದೆ, ಅವಮಾನ ಇಲ್ಲ. ಒಂದು ರನ್ನಿನ ಸೋಲಿಗೆ ನೀವಾದರೆ ಏನು ಬರೆಯುತ್ತಿದ್ದಿರಿ? ಹುಡುಗ ಆ ಪೇಪರ್ ಕಟಿಂಗನ್ನು ಮಡಚಿ ಪಾಟಿಚೀಲದಲ್ಲಿ ಇಟ್ಟುಕೊಂಡಿದ್ದಾನೆ, ಅವನಿಗೆ ಹೇಳಬೇಕು.